ಲೋಳೆ ಇರಕೂಡದು

ನಮ್ಮ ಸಾಲಿನವರ ಕೈಯಿಂದ ಯಾರೂ ಏನೂ ತಿನ್ನುವುದಿಲ್ಲ. ಅದಕ್ಕೇ ನಮಗೆ ಕಾಗದ ಬೇಕಾಗಿತ್ತು.

ಸಾಲು ಅಂದರೆ ಪುರಸಭೆ ಕಟ್ಟಿಸಿದ ಇಪ್ಪತ್ತೆರಡು ಮನೆಗಳು. ಮನೆಗೊಂದು ಕೋಣೆ, ತುದಿಯಲ್ಲಿ ಎಲ್ಲರಿಗೂ ಸೇರಿ ಒಂದು ನಲ್ಲಿ. ಚರಂಡಿ ಬಳಿಯುವವರು, ಕಸ ಎತ್ತುವವರು, ಕಕ್ಕಸು ತೊಳೆಯುವವರು ಇಲ್ಲಿರುತ್ತೇವೆ. ಒಮ್ಮೆ ನಮ್ಮಲ್ಲೊಬ್ಬಳು ಬಸ್ ನಿಲ್ದಾಣದ ಹತ್ತಿರ ಹಣ್ಣು ಹೆಚ್ಚಿ ಮಾರಲು ಕೂತಳು. ಮೊದಲ ದಿನ ವ್ಯಾಪಾರ ಆಯಿತು. ಎರಡನೆಯ ದಿನ ಯಾರೋ ಗುರುತು ಹಿಡಿದರು. ಮೂರನೆಯ ದಿನ ಹಣ್ಣು ಕೊಳೆತು, ಅವಳೇ ಅದನ್ನು ಕಸದ ಗಾಡಿಗೆ ಸುರಿದಳು. ಗಾಡಿ ತಳ್ಳುತ್ತಿದ್ದವನು ಅವಳ ಗಂಡ.

ನಾನು ಹತ್ತೊಂಬತ್ತು ವರ್ಷದಿಂದ ಸರ್ಕಾರಿ ಕಚೇರಿಯಲ್ಲಿ ಕಕ್ಕಸು ತೊಳೆಯುತ್ತಿದ್ದೇನೆ. ಗುತ್ತಿಗೆ ಕೆಲಸ. ಮೂರು ಮಹಡಿ, ಮಹಡಿಗೆ ಆರು ಕಕ್ಕಸು. ಅದು ಮುಗಿದ ಮೇಲೆ ನೆಲ, ಮೇಜು, ಮೆಟ್ಟಿಲು. ಹಾಜರಿ ಯಂತ್ರಕ್ಕೆ ನನ್ನ ಹೆಬ್ಬೆರಳು ತಿಳಿಯುವುದಿಲ್ಲ. ಬ್ಲೀಚಿಂಗ್ ಪೌಡರು ಗೆರೆಗಳನ್ನೆಲ್ಲ ತಿಂದುಹಾಕಿದೆ. ಮೇಸ್ತ್ರಿ ದಿನಾ ಬೈದುಕೊಂಡು ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ.

ನನ್ನ ಓರಗಿತ್ತಿ ಮೀನು ಮಾರುಕಟ್ಟೆಯಲ್ಲಿ ಪೊರೆ ಹೆರೆಯುತ್ತಿದ್ದಳು. ಅವಳು ನನ್ನ ಮೈದುನನ ಹೆಂಡತಿ. ನನ್ನ ಗಂಡ, ಅವಳ ಗಂಡ, ಅಣ್ಣತಮ್ಮ ಇಬ್ಬರೂ ಒಂದೇ ಮ್ಯಾನ್‌ಹೋಲಿನಲ್ಲಿ ಹೋದರು. ಮೊದಲು ತಮ್ಮ ಇಳಿದ, ಎತ್ತಲು ಹೋಗಿ ಅಣ್ಣನೂ ಇಳಿದ. ಅದರ ಬಗ್ಗೆ ಇಷ್ಟೇ ಹೇಳುತ್ತೇನೆ. ಪರಿಹಾರ ಅಂತ ಬಂದದ್ದರಲ್ಲಿ ನಾವು ತೊಟ್ಟಿ ಕಟ್ಟಿದೆವು.

ಆ ಉಪಾಯ ಅವಳದು. ಯಾವುದೋ ಸಂಘದವರು ಮೀನು ಹೆಂಗಸರಿಗೆ ಹತ್ತು ದಿನ ತರಬೇತಿ ಕೊಟ್ಟಿದ್ದರು. ಅಕ್ವಾಪೋನಿಕ್ಸ್ ಅಂತ ಹೆಸರು ಕಲಿತು ಬಂದಳು. ನನ್ನ ನಾಲಿಗೆಗೆ ಅದು ಹತ್ತಲಿಲ್ಲ, ನಾವು ತೊಟ್ಟಿ ಎಂದೇ ಕರೆದೆವು. ಕೆಳಗೆ ದೊಡ್ಡ ತೊಟ್ಟಿ, ಅದರಲ್ಲಿ ಮೀನು. ಮಾರುಕಟ್ಟೆಯವರು ಜಿಲೇಬಿ ಎಂದು ಕರೆಯುವ ಗಟ್ಟಿ ಜಾತಿಯ ಮೀನು. ಮೇಲೆ ಉದ್ದುದ್ದ ತೊಟ್ಟಿಗಳು, ಅವುಗಳಲ್ಲಿ ಬೆಣಚುಕಲ್ಲು, ಕಲ್ಲಿನ ನಡುವೆ ಸೊಪ್ಪು. ಮಣ್ಣಿಲ್ಲ. ಮೀನಿನ ಹೊಲಸು ನೀರನ್ನು ಮೋಟಾರು ಮೇಲಕ್ಕೆ ಎತ್ತುತ್ತದೆ. ಅದು ಕಲ್ಲಿನ ನಡುವೆ ಇಳಿಯುವಾಗ ಸೊಪ್ಪಿಗೆ ಗೊಬ್ಬರವಾಗುತ್ತದೆ. ನೀರು ತಿಳಿಯಾಗಿ ಮತ್ತೆ ಮೀನಿಗೇ ಹೋಗುತ್ತದೆ.

"ಹೊಲಸು ಹೆಂಗೆ ಗೊಬ್ಬರ ಆಗುತ್ತೆ?" ಎಂದು ಕೇಳಿದ್ದೆ.

"ಕಲ್ಲಿಗೆ ಲೋಳೆ ಹಿಡಿಯುತ್ತಲ್ಲಕ್ಕಾ, ಅದ್ರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಜೀವ ಇರ್ತವೆ. ಕೆಲಸ ಎಲ್ಲಾ ಅವೇ ಮಾಡೋದು. ನಾವು ಬರೀ ಮೇಸ್ತ್ರಿಗಳು."

ಕೇಳಿಸಿಕೊಂಡೆ. ಕೇಳಿದ್ದು ತಲೆಯಲ್ಲಿ ಉಳಿಯಿತು. ಕೈಗೆ ಇಳಿಯಲಿಲ್ಲ.

ಸಾಲಿನ ಹಿಂದೆ ಮುರಿದ ಕಸದ ಗಾಡಿಗಳನ್ನು ಎಸೆದಿದ್ದ ಶೆಡ್ಡು ಇತ್ತು. ಗಾಡಿಗಳನ್ನು ಎಳೆದು ಹಾಕಿ ಅಲ್ಲೇ ಕಟ್ಟಿದೆವು. ಕಲ್ಲನ್ನು ತಲೆಯ ಮೇಲೆ ಹೊತ್ತೆವು. ನೂರಾರು ಬುಟ್ಟಿ. ನನ್ನ ಕತ್ತು ಇವತ್ತಿಗೂ ಬಲಕ್ಕೆ ತಿರುಗುವುದಿಲ್ಲ. ಆರು ತಿಂಗಳಿಗೆ ಮೀನು ಅಂಗೈಯಗಲ ಆದವು. ಸೊಪ್ಪು ಮೊಣಕೈಯುದ್ದ ಬಂತು. ಸಾಲಿನವರೆಲ್ಲ ತಿಂದೆವು. ನಮ್ಮ ಕೈಯಿಂದ ನಾವು ತಿನ್ನುತ್ತೇವೆ, ಅದಕ್ಕೇನೂ ತಕರಾರಿಲ್ಲ.

ಮಾರಬೇಕೆಂದರೆ ದೊಡ್ಡಾಸ್ಪತ್ರೆಯ ಅಡುಗೆಮನೆಯೊಂದೇ ದಾರಿ. ಅಲ್ಲಿಯ ಉಗ್ರಾಣದ ಹೆಂಗಸು ಓರಗಿತ್ತಿಗೆ ಮಾರುಕಟ್ಟೆಯಿಂದ ಪರಿಚಯ. ಸೊಪ್ಪು ಮುರಿದು ನೋಡಿದಳು, ಮೀನಿನ ಕಿವಿರು ಬಿಡಿಸಿ ನೋಡಿದಳು.

"ಮಾಲು ಚೆನ್ನಾಗಿದೆ. ಲೈಸೆನ್ಸ್ ತಗೊಂಡು ಬನ್ನಿ, ದಿನಾ ತಗೋತೀನಿ. ತಿಂಗಳ ಕೊನೆಗೆ ಮಾಲು ಕೊಡೋರ ವರ್ಷದ ಪಟ್ಟಿ ಕಳಿಸ್ಬೇಕು, ಅಷ್ಟರೊಳಗೆ ತನ್ನಿ. ಯಾರ ಕೈ ಅಂತ ಲೈಸೆನ್ಸಲ್ಲಿ ಬರೆದಿರಲ್ಲ ಬಿಡಿ."

ಅವಳು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಇದ್ದದ್ದನ್ನು ಹೇಳಿದಳು. ಆ ಹೊತ್ತಿಗೆ ನಾವು ಅದೇ ಲೈಸೆನ್ಸಿಗಾಗಿ ಕಚೇರಿ ಅಲೆಯಲು ಶುರು ಮಾಡಿ ಏಳು ತಿಂಗಳಾಗಿತ್ತು.

ನಮ್ಮ ಕಚೇರಿಯ ಮೊದಲ ಮಹಡಿ ಕೃಷಿಯವರದು. "ಮಣ್ಣು ಪರೀಕ್ಷೆ ವರದಿ ಎಲ್ಲಿ?" ಎಂದರು ಅಲ್ಲಿಯ ಗುಮಾಸ್ತರು.

"ಮಣ್ಣಿಲ್ಲ ಸಾರ್. ಕಲ್ಲು."

"ಮಣ್ಣಿಲ್ಲದೆ ಸೊಪ್ಪು ಗಾಳೀಲಿ ಬೆಳೆಯುತ್ತಾ? ವರದಿ ಇಲ್ದೆ ಅರ್ಜಿ ಒಳಗೇ ಹೋಗಲ್ಲಮ್ಮ."

ಎರಡನೆಯ ಮಹಡಿ ಮೀನುಗಾರಿಕೆ. "ಕೆರೆ ಎಷ್ಟು ಎಕರೆ?" ಎಂದರು. ಕೆರೆಯಲ್ಲ, ತೊಟ್ಟಿ ಎಂದೆವು. "ಮೇಲೆ ಸೊಪ್ಪು ಬೆಳೀತೀರಲ್ಲ, ಅದು ಕೃಷಿ. ಕೆಳಗೆ ಹೋಗಿ."

ಕರೆಂಟಿನವರು ಬೇರೆ ಕಟ್ಟಡ. ಮೋಟಾರು ಇಪ್ಪತ್ನಾಲ್ಕು ಗಂಟೆ ಓಡುತ್ತದೆ ಅಂದಮೇಲೆ ಅದು ಕಾರ್ಖಾನೆ, ಹೊಗೆ ಬರುವುದಿಲ್ಲ ಅಂತ ಪತ್ರ ತನ್ನಿ ಎಂದರು.

"ಹೊಗೆ ಬರಲ್ಲ ಸ್ವಾಮಿ, ಬರೀ ನೀರು."

"ಬರಲ್ಲ ಅಂತಾನೇ ಪತ್ರ ತನ್ನಿ ಅಂತಿರೋದು. ಬಂದ್ರೆ ಯಾಕೆ ಕೇಳ್ತಿದ್ದೆ?"

ಓರಗಿತ್ತಿಗೆ ತಲೆ ಕೆಟ್ಟುಹೋಯಿತು. ಮಾರನೆಯ ದಿನ ಮೊದಲ ಮಹಡಿಯ ಹಜಾರದಲ್ಲಿದ್ದ ಹೂಕುಂಡಕ್ಕೆ ಕೈ ಹಾಕಿ ಒಂದು ಹಿಡಿ ಮಣ್ಣು ಕಿತ್ತುಕೊಂಡು ಪರೀಕ್ಷೆಗೆ ಕಳಿಸಿದಳು. ಬೇಸಾಯಕ್ಕೆ ಯೋಗ್ಯ ಅಂತ ವರದಿ ಬಂತು. ಗುಮಾಸ್ತರು ಅದನ್ನು ಅರ್ಜಿಗೆ ಪಿನ್ನು ಹೊಡೆದು ಸೇರಿಸಿದರು. "ನೋಡಿದ್ರಾ, ಮನಸ್ಸು ಮಾಡಿದ್ರೆ ಆಗುತ್ತೆ" ಎಂದರು. ಅವತ್ತು ನಾವಿಬ್ಬರೂ ಮೆಟ್ಟಿಲಿನ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ನಕ್ಕಿದ್ದು ನೆನಪಿಲ್ಲ.

ಹೊಗೆ ಬರುವುದಿಲ್ಲ ಅನ್ನುವ ಪತ್ರವೂ ಸೇರಿ ಕೊನೆಗೆ ಫೈಲು ಮೂರನೆಯ ಮಹಡಿಗೆ ಹೋಯಿತು. ಅಲ್ಲಿ ಆಹಾರ ಪರವಾನಗಿಯ ಸಾಹೇಬರಿದ್ದರು. ಅವರ ಕೋಣೆಯನ್ನು ನಾನೇ ಗುಡಿಸುವುದು, ಮೇಜನ್ನು ನಾನೇ ಒರೆಸುವುದು. ನಮ್ಮ ಫೈಲು ಹದಿನಾಲ್ಕು ಫೈಲುಗಳ ಅಡಿಯಲ್ಲಿತ್ತು. ಹಸಿರು ದಾರ. ದಿನಾ ಎತ್ತಿ, ಒರೆಸಿ, ಇದ್ದಲ್ಲೇ ಇಡುತ್ತಿದ್ದೆ. ಒಂದು ದಿನ ಧೈರ್ಯ ಮಾಡಿ ಎಲ್ಲಕ್ಕಿಂತ ಮೇಲೆ ಇಟ್ಟೆ. ಮಾರನೆಯ ದಿನ ಅದು ಮತ್ತೆ ಅಡಿಗೆ ಹೋಗಿತ್ತು. ನಾನು ಒಳಗೆ ಹೋದಾಗಲೆಲ್ಲ ಸಾಹೇಬರು ಕಾಗದದಿಂದ ಕಣ್ಣೆತ್ತದೆ ಎರಡೂ ಕಾಲು ಎತ್ತುತ್ತಿದ್ದರು. ನಾನು ಕೆಳಗೆ ಒರೆಸುತ್ತಿದ್ದೆ. ಕಾಲು ಇಳಿಸುತ್ತಿದ್ದರು. ಬಾಯಿ ಬಿಟ್ಟು ಕೇಳಬಹುದಿತ್ತು. ಗುಡಿಸುವವಳು ಬಾಯಿ ಬಿಡುವ ಪದ್ಧತಿ ಆ ಕೋಣೆಯಲ್ಲಿ ಇರಲಿಲ್ಲ.

ತಿಂಗಳು ಮುಗಿಯಲು ಎಂಟು ದಿನ ಇದ್ದಾಗ ಅವರು ಶೆಡ್ಡಿಗೆ ಬಂದರು. ಓರಗಿತ್ತಿ ಇರಲಿಲ್ಲ. ಅವಳ ತಾಯಿ ಬಿದ್ದು ಸೊಂಟ ಮುರಿದುಕೊಂಡಿದ್ದಳು, ನೋಡಿಕೊಳ್ಳಲು ಹೋಗಿದ್ದಳು.

"ನಿನ್ನ ಎಲ್ಲೋ ನೋಡಿದ್ದೀನಲ್ಲ?" ಎಂದರು ಸಾಹೇಬರು.

"ಮೂರನೇ ಮಹಡಿ ಸಾಹೇಬ್ರೆ. ನಿಮ್ಮ ರೂಮು ನಾನೇ ಒರೆಸೋದು."

"ಓ" ಎಂದು ಒಂದು ಹೆಜ್ಜೆ ಹಿಂದೆ ಸರಿದರು. ನನಗೇನೂ ಅನ್ನಿಸಲಿಲ್ಲ. ಎಷ್ಟೋ ಜನ ಸರಿದಿದ್ದಾರೆ.

ತೊಟ್ಟಿ ಸುತ್ತಿದರು. ಮೀನು ನೋಡಲಿಲ್ಲ, ಸೊಪ್ಪು ನೋಡಲಿಲ್ಲ. ಪೆನ್ನಿನ ತುದಿಯಿಂದ ಒಂದು ಕಲ್ಲನ್ನು ಸರಿಸಿದರು. ಕಂದು ಲೋಳೆ ಪೆನ್ನಿಗೆ ಅಂಟಿತು.

"ಏನಿದು ಗಲೀಜು?"

"ಅದು ಇರಬೇಕಂತೆ ಸಾಹೇಬ್ರೆ. ನನ್ನ ಓರಗಿತ್ತಿ ಇದ್ದಿದ್ರೆ ಸರಿಯಾಗಿ ಹೇಳ್ತಿದ್ಲು."

"ಏನ್ ಹೇಳ್ತಾಳೆ? ಮೀನಿನ ಹೇಲಲ್ಲಿ ಸೊಪ್ಪು ಬೆಳ್ದು ರೋಗಿಗಳಿಗೆ ತಿನ್ನಿಸ್ತೀನಿ ಅಂತಾಳಾ?" ಫಾರಂ ತಿರುಗಿಸಿ ಬೆರಳಿಟ್ಟು ಓದಿದರು. "ಆಹಾರ ತಾಗುವ ಯಾವುದೇ ಮೇಲ್ಮೈಯಲ್ಲಿ ಲೋಳೆ ಇರಕೂಡದು. ಇಷ್ಟೇ ನಂಗೆ ಗೊತ್ತಿರೋದು. ಅಲ್ಲಮ್ಮ, ಹುಟ್ಟಿದಾಗಿಂದ ತೊಳೆಯೋದೇ ನಿಮ್ಮ ಕೆಲಸ. ಇದೊಂದನ್ನ ತೊಳೆಯೋಕೆ ಬರಲ್ವಾ? ಸೋಮವಾರ ಬರ್ತೀನಿ. ಫಳಫಳ ಅನ್ನಬೇಕು."

ಆ ಮಾತು ನನಗೆ ನಾಟಿತು. ಬೇರೆ ಏನಂದಿದ್ದರೂ ತಡೆದುಕೊಳ್ಳುತ್ತಿದ್ದೆನೋ ಏನೋ. ತೊಳೆಯಲು ಬರುವುದಿಲ್ಲ ಎಂದು ನನಗೆ ಯಾರೂ ಅಂದಿರಲಿಲ್ಲ.

ಓರಗಿತ್ತಿಗೆ ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ತೊಳೆಯುವುದಕ್ಕೂ ಒಬ್ಬರನ್ನು ಕೇಳಬೇಕೇ?

ಭಾನುವಾರ ಬೆಳಿಗ್ಗೆ ಶುರು ಮಾಡಿದೆ. ಮೋಟಾರು ನಿಲ್ಲಿಸಿದೆ. ಸೊಪ್ಪನ್ನು ಬೇರುಸಮೇತ ಎತ್ತಿ ಒದ್ದೆ ಗೋಣಿಯಲ್ಲಿ ಸುತ್ತಿಟ್ಟೆ. ಕಲ್ಲನ್ನು ಬುಟ್ಟಿಬುಟ್ಟಿಯಾಗಿ ಹೊರಗೆ ಸುರಿದೆ. ಕಚೇರಿಯಿಂದ ತಂದಿದ್ದ ಬ್ಲೀಚಿಂಗ್ ಪೌಡರನ್ನು ಡ್ರಮ್ಮಿನ ನೀರಿಗೆ ಕಲಸಿ ಕಲ್ಲನ್ನು ಅದರಲ್ಲಿ ನೆನೆಸಿದೆ. ಕಕ್ಕಸಿನ ಬ್ರಷ್ಷು ಮುಟ್ಟಲಿಲ್ಲ, ಹೊಸ ಬ್ರಷ್ಷನ್ನೇ ತಂದಿದ್ದೆ. ಕುಕ್ಕರುಗಾಲಿನಲ್ಲಿ ಕೂತು ಒಂದೊಂದೇ ಹಿಡಿ ಉಜ್ಜಿದೆ. ಲೋಳೆ ಕಂದು ನೀರಾಗಿ ಚರಂಡಿಗೆ ಹೋಯಿತು. ಮಧ್ಯಾಹ್ನಕ್ಕೆ ಕಣ್ಣು ಉರಿಯಲು ಶುರುವಾಯಿತು. ಬೆರಳ ಸಂದಿ ಬಿರಿದು ರಕ್ತ ಬಂತು, ಅದನ್ನೂ ತೊಳೆದೆ. ಮೀನಿನ ತೊಟ್ಟಿಯ ಗೋಡೆಗೂ ಪಾಚಿ ಕಟ್ಟಿತ್ತು. ಮೀನುಗಳು ಒಳಗಿದ್ದ ಹಾಗೆಯೇ ಗೋಡೆ ಉಜ್ಜಿದೆ. ಅವು ಮೂಲೆಗೆ ಸರಿದು ಜಾಗ ಬಿಟ್ಟುಕೊಟ್ಟವು. ಸಂಜೆ ಕಲ್ಲನ್ನೆಲ್ಲ ಮತ್ತೆ ತುಂಬಿ, ಸೊಪ್ಪು ನೆಟ್ಟು, ಹೊಸ ನೀರು ಬಿಟ್ಟು, ಮೋಟಾರು ಹಾಕಿದೆ.

ಕಲ್ಲು ಹಲ್ಲಿನ ಹಾಗೆ ಬೆಳ್ಳಗಿದ್ದವು. ಸಾಲಿನವರು ಬಂದು ನೋಡಿ ಹೋದರು. ನನಗೆ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ, ಬಹಳ ಖುಷಿಯಾಯಿತು.

ಬೆಳಿಗ್ಗೆ ಹೋದಾಗ ಮೀನುಗಳೆಲ್ಲ ನೀರಿನ ಮೇಲೆ ಬಾಯಿ ತೆರೆದುಕೊಂಡು ನಿಂತಿದ್ದವು. ಹಸಿವಾಗಿದೆ ಎಂದುಕೊಂಡು ತಿಂಡಿ ಹಾಕಿದೆ. ಮುಟ್ಟಲಿಲ್ಲ. ಕಿವಿರು ಬಡಿದುಕೊಳ್ಳುತ್ತಿದ್ದವು. ಒಂದು ಓರೆಯಾಯಿತು. ಆಮೇಲೆ ನಾಲ್ಕು. ಬಕೆಟ್ಟಿನಲ್ಲಿ ನೀರು ತಂದು ತಂದು ಸುರಿದೆ. ನಲ್ಲಿಯಿಂದ ತೊಟ್ಟಿಗೆ, ತೊಟ್ಟಿಯಿಂದ ನಲ್ಲಿಗೆ ಓಡಿದೆ. ಓಡುತ್ತಿರುವಾಗ ನನ್ನ ಮೈಯಿಂದ, ಕೂದಲಿನಿಂದ ಪೌಡರಿನ ವಾಸನೆ ಬಂತು. ಆಗ ತಿಳಿಯಿತು. ತಲೆಯಲ್ಲಿದ್ದದ್ದು ಆಗ ಕೈಗೆ ಇಳಿಯಿತು. ಹೊತ್ತು ಮೀರಿತ್ತು.

ಹತ್ತು ಗಂಟೆಗೆ ಎಲ್ಲವೂ ಹೊಟ್ಟೆ ಮೇಲಾಗಿ ತೇಲಿದವು. ಇನ್ನೂರು ಚಿಲ್ಲರೆ ಮೀನು. ನಾನು ಅಳಲಿಲ್ಲ. ಮ್ಯಾನ್‌ಹೋಲಿನಿಂದ ಅಣ್ಣತಮ್ಮರನ್ನು ಎತ್ತಿ ಮಲಗಿಸಿದ ದಿನವೂ ನನಗೆ ಹೀಗೇ ಆಗಿತ್ತು. ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತೆ.

ಹನ್ನೊಂದಕ್ಕೆ ಸಾಹೇಬರು ಬಂದರು. ಮೂಗಿಗೆ ಕರ್ಚೀಫು ಹಿಡಿದು ನೇರವಾಗಿ ಕಲ್ಲಿನ ಹತ್ತಿರ ಹೋದರು. ಪೆನ್ನಿನಿಂದ ಕೆದಕಿದರು. ಪೆನ್ನನ್ನು ಬೆಳಕಿಗೆ ಹಿಡಿದು ನೋಡಿದರು.

"ಹಿಂಗಿರಬೇಕು. ನೋಡು, ಮನಸ್ಸು ಮಾಡಿದ್ರೆ ನಿಮ್ಮ ಕೈಲೂ ಆಗುತ್ತೆ."

"ಮೀನು ಸತ್ತೋದ್ವು ಸಾಹೇಬ್ರೆ."

ಅವರು ತೊಟ್ಟಿಯ ಕಡೆ ನೋಡಿದರು. ಫಾರಂ ನೋಡಿದರು. ಎರಡು ಪುಟ ತಿರುವಿದರು.

"ಮೀನು ಬದುಕಿದೆಯಾ ಇಲ್ವಾ ಅಂತ ಇದ್ರಲ್ಲಿ ಕೇಳಿಲ್ಲ. ಸ್ವಚ್ಛತೆಗೆ ಟಿಕ್ ಹಾಕ್ತೀನಿ. ಲೈಸೆನ್ಸ್ ಆಯ್ತು ಅನ್ಕೋ."

ಅಷ್ಟರಲ್ಲಿ ಓರಗಿತ್ತಿ ಬಂದಳು. ಬಸ್ಸಿಳಿದು ಸೀದಾ ಶೆಡ್ಡಿಗೇ ಬಂದಿದ್ದಳು, ಕೈಯಲ್ಲಿ ಚೀಲ ಇತ್ತು. ಮೊದಲು ಮೀನು ನೋಡಿದಳು. ಆಮೇಲೆ ಕಲ್ಲು. ಆಮೇಲೆ ನನ್ನ ಕೈ. ಚೀಲ ಅಲ್ಲೇ ಬಿಟ್ಟು ಸಾಹೇಬರ ಹತ್ತಿರ ಹೋದಳು.

"ಸಾಹೇಬ್ರೆ, ಆ ಲೋಳೇಲೇ ಜೀವ ಇರೋದು. ತೊಳೆದ್ರೆ ಮೀನು ಬದುಕಲ್ಲ. ಯಾರನ್ನಾದ್ರೂ ತಿಳಿದೋರನ್ನ ಕೇಳಿ."

"ನಂಗೆ ಪಾಠ ಹೇಳ್ಬೇಡ. ಈ ಫಾರಂ ಹೋಟೆಲ್ಲಿಗೂ ಇದೇ, ಬೇಕರಿಗೂ ಇದೇ. ನಿಮ್ಮ ಮೀನಿಗೊಂದು ಬೇರೆ ಫಾರಂ ಯಾರೂ ಮಾಡಿಲ್ಲ." ಒಂದು ಹಾಳೆ ತೆಗೆದರು. "ಇದು ಮುಚ್ಚಳಿಕೆ. ಹದಿನೈದು ದಿನಕ್ಕೊಂದ್ಸಲ ಬ್ಲೀಚಿಂಗ್ ಹಾಕಿ ತೊಳೀತೀವಿ ಅಂತ. ಇಬ್ರೂ ಸಹಿ ಹಾಕಿ. ನಾಳೆ ಕಾಗದ ಕೈಗೆ ಬರುತ್ತೆ."

"ಹಂಗೆ ತೊಳೆದ್ರೆ ಇಲ್ಲಿ ಯಾವತ್ತೂ ಮೀನು ಉಳಿಯಲ್ಲ."

ಸಾಹೇಬರು ದನಿ ತಗ್ಗಿಸಿದರು. ಪಾಪ, ಉಪಕಾರ ಮಾಡುವವರ ದನಿಯಲ್ಲೇ ಹೇಳಿದರು. "ಸಹಿ ಹಾಕಮ್ಮ. ಹಾಕಿ ಬಿಟ್ಟುಬಿಡು. ದಿನಾ ಯಾರು ಬಂದು ನೋಡ್ತಾರೆ?"

ಓರಗಿತ್ತಿ ಪೆನ್ನು ತೆಗೆದುಕೊಂಡಳು. ಅವಳಿಗೆ ಕಾಗದ ಎಷ್ಟು ಬೇಕಿತ್ತು ಅಂತ ನನಗೆ ಗೊತ್ತು. ಮಾರುಕಟ್ಟೆಯಲ್ಲಿ ಅವಳ ಕೈಯಿಂದ ಹೆರೆಸಿಕೊಂಡ ಮೀನನ್ನು ಜನ ಅವಳ ಎದುರಿಗೇ ಮತ್ತೊಮ್ಮೆ ತೊಳೆದುಕೊಂಡು ಹೋಗುತ್ತಿದ್ದರು. ಸಹಿ ಹಾಕಿದಳು. ಪೆನ್ನು ನನ್ನ ಕಡೆ ಚಾಚಿದಳು.

ನಾನು ತೆಗೆದುಕೊಳ್ಳಲಿಲ್ಲ.

"ಅಕ್ಕಾ, ಹಾಕು."

"ಹಾಕಲ್ಲ."

"ಯಾಕಮ್ಮಾ?" ಎಂದರು ಸಾಹೇಬರು. "ಲೈಸೆನ್ಸ್ ಬೇಡ್ವಾ?"

"ಬೇಕು."

"ಮತ್ತೆ?"

"ಸಹಿ ಹಾಕಿದ್ಮೇಲೆ ಯಾವತ್ತೋ ಒಂದಿನ ನೀವು ಬರ್ತೀರಿ. ಗಲೀಜು, ತೊಳಿ ಅಂತೀರಿ. ನಾನು ತೊಳೀತೀನಿ ಸಾಹೇಬ್ರೆ. ನೀವು ಹೇಳಿದ್ರೆ ತೊಳೆದೇ ತೊಳೀತೀನಿ. ಮೀನು ಸಾಯುತ್ತೆ ಅಂತ ಗೊತ್ತಿದ್ರೂ ತೊಳೀತೀನಿ. ನನ್ನ ಕೈ ಹೆಂಗೆ ಅಂತ ನಂಗೆ ಗೊತ್ತು. ಹತ್ತೊಂಬತ್ತು ವರ್ಷ ಆಯ್ತು, ಅದು ನನ್ನ ಮಾತು ಕೇಳಲ್ಲ, ನಿಮ್ಮ ಮಾತು ಕೇಳುತ್ತೆ. ಅದಕ್ಕೇ ಸಹಿ ಹಾಕಲ್ಲ."

ಸಾಹೇಬರಿಗೆ ಇದು ಅರ್ಥವಾದ ಹಾಗೆ ಕಾಣಲಿಲ್ಲ. ನಿನ್ನ ಗುತ್ತಿಗೆದಾರ ಯಾರು, ನಾಳೆ ನೋಡಿಕೊಳ್ಳುತ್ತೇನೆ ಎಂದರು. ಹೊರಗೆ ಹೋಗುತ್ತ ತಿರುಗಿ, "ಮೊದ್ಲು ಈ ಹೆಣಗಳನ್ನ ಎತ್ತಿ ತೊಳಿ, ನಾರ್ತಿದೆ" ಎಂದರು.

"ತೊಳೆಯಲ್ಲ" ಎಂದೆ. ಅವರಿಗೆ ಕೇಳಿಸಿತೋ ಇಲ್ಲವೋ. ನನಗೆ ಕೇಳಿಸಿತು. ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು.

ಸಾಹೇಬರ ಜೀಪು ಹೋದಮೇಲೆ ಓರಗಿತ್ತಿ ನನ್ನ ಮುಂದೆ ಬಂದು ನಿಂತಳು.

"ನಿನ್ನಿಂದ ಮೀನೂ ಹೋಯ್ತು. ಕಾಗದಾನೂ ಹೋಯ್ತು."

"ಹೂಂ."

"ಲೋಳೆ ಮತ್ತೆ ಹಿಡಿಯೋಕೆ ನಲ್ವತ್ತು ದಿನ ಬೇಕು. ಗೊತ್ತಾ ನಿಂಗೆ?"

"ಈಗ ಗೊತ್ತಾಯ್ತು."

ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿರುತ್ತಿತ್ತು. ಅವಳು ಸೀರೆ ಎತ್ತಿಕಟ್ಟಿ ತೊಟ್ಟಿಗಿಳಿದು ಮೀನು ಎತ್ತತೊಡಗಿದಳು. ಎರಡು ಕೈಯಲ್ಲಿ ಒಂದೊಂದನ್ನೇ. ನಾನೂ ಎದ್ದು ಹೋದೆ.

"ನೀನು ಮುಟ್ಟಬೇಡ" ಎಂದಳು.

ಆ ಮಾತನ್ನು ನಾನು ಬೇಕಾದಷ್ಟು ಬಾಯಲ್ಲಿ ಕೇಳಿದ್ದೇನೆ. ಬಸ್ಸಿನಲ್ಲಿ, ಅಂಗಡಿಯಲ್ಲಿ, ಕಚೇರಿಯ ನೀರಿನ ಮಡಕೆಯ ಹತ್ತಿರ. ಯಾವತ್ತೂ ಅದರಲ್ಲಿ ನ್ಯಾಯ ಇರಲಿಲ್ಲ. ಅವತ್ತು ಇತ್ತು. ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತೆ. ಅವಳು ಪೂರ್ತಿ ಎತ್ತುವವರೆಗೆ ನಿಂತೇ ಇದ್ದೆ.

ರಾಶಿಯ ಪಕ್ಕದಲ್ಲಿ ಕೂತ ಮೇಲೆ ಅವಳು ಕೇಳಿದಳು: "ಉಗ್ರಾಣದೋಳಿಗೆ ಏನು ಹೇಳೋದು?"

"ಮುಂದಿನ ವರ್ಷದ ಪಟ್ಟಿಗೆ ಅಂತ ಹೇಳು."

"ಮುಂದಿನ ವರ್ಷ ಏನು ಬದಲಾಗುತ್ತೆ? ಅದೇ ಫಾರಂ ಇರುತ್ತೆ."

ಅದಕ್ಕೆ ಉತ್ತರ ರಾತ್ರಿಯೆಲ್ಲ ಹೊಳೆಯಲಿಲ್ಲ. ಬೆಳಿಗ್ಗೆ ಕಚೇರಿಯ ಮೆಟ್ಟಿಲು ಹತ್ತುವಾಗ ಹೊಳೆಯಿತು, ಅದೂ ಅಂಥ ದೊಡ್ಡ ಉತ್ತರವೇನಲ್ಲ.

ಮೇಸ್ತ್ರಿ ಬಕೆಟ್ಟು ಕೊಡಲು ಬಂದ. ತೆಗೆದುಕೊಳ್ಳಲಿಲ್ಲ. ಮೂರನೆಯ ಮಹಡಿಗೆ ಹೋದೆ. ಸಾಹೇಬರ ಕೋಣೆಯಲ್ಲಿ ಮೇಜಿನ ಈಚೆ ಅರ್ಜಿದಾರರಿಗೆ ಎರಡು ಕುರ್ಚಿ ಇವೆ. ಒಂದರ ಮೇಲೆ ಕೂತೆ.

ಅಭ್ಯಾಸದಂತೆ ಅವರು ಕಾಲು ಎತ್ತಿದರು. ನೆಲಕ್ಕೆ ಯಾರೂ ಬಗ್ಗಲಿಲ್ಲ. ಆಗ ತಲೆ ಎತ್ತಿ ನೋಡಿದರು.

"ಏನು, ಸಹಿ ಹಾಕೋಕೆ ಬಂದ್ಯಾ?"

"ಇಲ್ಲ ಸಾಹೇಬ್ರೆ. ಆ ಸಾಲು ತೆಗೀರಿ. ಲೋಳೆ ಇರಕೂಡದು ಅನ್ನೋದು."

"ಅದು ನಾನು ಬರೆದಿದ್ದಲ್ಲ. ಮೇಲಿಂದ ಬಂದಿದ್ದು."

"ಹಂಗಾದ್ರೆ ಮೇಲಕ್ಕೆ ಬರೀರಿ. ಇಂಥಾ ದಿನ ತೊಳೆಸಿದ್ವಿ, ಮೀನು ಸತ್ತೋದ್ವು ಅಂತ ಬರೀರಿ."

"ಕೊಂದೋಳು ನೀನು."

"ಹೌದು. ನಾನೇ ಕೊಂದೆ. ಅದನ್ನೂ ಬರೀರಿ. ಯಾರು ಹೇಳಿ ಕೊಂದೆ ಅಂತಾನೂ ಬರೀರಿ."

ಅವರು ಮೇಸ್ತ್ರಿಯನ್ನು ಕೂಗಿದರು. ಮೇಸ್ತ್ರಿ ಬಾಗಿಲಿಗೆ ಬಂದು ನಿಂತ, ಕೈಯಲ್ಲಿ ನನ್ನ ಬಕೆಟ್ಟು. "ಏಳು, ಕಕ್ಕಸು ಯಾರು ತೊಳೀತಾರೆ? ಹೆಸರು ಹೊಡೆದು ಹಾಕ್ತೀನಿ ನೋಡು" ಎಂದ.

"ಹೊಡೆದು ಹಾಕು. ಬಾಯಿ ಮಾತಲ್ಲಿ ಬೇಡ, ಯಾಕೆ ಅಂತ ಬರೆದು ಕೊಡು."

ಅವನು ಸಾಹೇಬರ ಮುಖ ನೋಡಿದ. ಸಾಹೇಬರು ಫೈಲು ನೋಡಿದರು. ಇಬ್ಬರೂ ಏನೂ ಬರೆಯಲಿಲ್ಲ. ಮೇಸ್ತ್ರಿ ಬಕೆಟ್ಟನ್ನು ಹೊಸ್ತಿಲಿನಲ್ಲಿ ಕುಕ್ಕಿ, ಬೇರೆಯವಳನ್ನು ಹುಡುಕಿಕೊಂಡು ಬರುತ್ತೇನೆ ಎಂದು ಹೋದ. ಸಾಲಿನಿಂದ ಯಾರಾದರೂ ಬಂದಾರು. ಬಂದರೆ ಅವಳನ್ನು ನಾನು ಬೈಯುವುದಿಲ್ಲ.

ಹತ್ತೂವರೆಯಾಯಿತು. ಹನ್ನೊಂದಾಯಿತು. ಹೊರಗೆ ಯಾರೋ ಕಕ್ಕಸಿನ ಬಾಗಿಲು ತೆಗೆದು, ಥೂ ಎಂದು, ದಡಕ್ಕನೆ ಮುಚ್ಚಿದರು. ಸಾಹೇಬರು ಎದ್ದು ಕಿಟಕಿ ತೆರೆದರು. ಕುರ್ಚಿಗೆ ವಾಪಸು ಬಂದು, ಒಂದು ಖಾಲಿ ಹಾಳೆ ಎಳೆದುಕೊಂಡು, ಪೆನ್ನಿನ ಮುಚ್ಚಳ ತೆಗೆದು ಹಾಗೇ ಹಿಡಿದುಕೊಂಡರು.

"ಏನಂತ ಬರೀಲಿ?" ಎಂದರು.

ನಾನು ಮೊದಲಿನಿಂದ ಹೇಳತೊಡಗಿದೆ.